ಮನೆಗೆ ಎಲೆಕ್ಟ್ರಿಕ್ ಪರ್ಕೋಲೇಟರ್: ಯಾವ ಅಳತೆ, ಯಾವ ಥರ, ಏನು ನೋಡಬೇಕು?

ಗುಟುಕು

ಎಲ್ಲರಿಗೂ ನಮಸ್ಕಾರ. ಮನೆಗೆ ಕಾಫಿ ಮಾಡುವ ಒಂದು ಎಲೆಕ್ಟ್ರಿಕ್ ಪರ್ಕೋಲೇಟರ್ ತರಬೇಕು ಅಂತ ಮನಸ್ಸು ಮಾಡಿದ್ದೇನೆ. ನಾವು ನಾಲ್ಕು ಜನ. ರಜಾ ದಿನ ಬಂದವರು ಹೋದವರು ಸೇರಿ ಎಂಟು ಹತ್ತು ಕಪ್ ಬೇಕಾಗುತ್ತದೆ. ಕಾಗದದ ಫಿಲ್ಟರ್ ಖಾಲಿಯಾಯಿತು ಅಂತ ಓಡುವುದು ಬೇಡ. ಒಲೆ ಮುಂದೆ ಕಾಯುತ್ತ ನಿಲ್ಲುವುದೂ ಬೇಡ. ಪ್ಲಗ್ ಹಾಕಿ ಬೇರೆ ಕೆಲಸ ನೋಡಿಕೊಳ್ಳುವ ಹಾಗಿರಬೇಕು.

ಹುಡುಕಿದಷ್ಟೂ ಗೊಂದಲವೇ ಜಾಸ್ತಿ. 4 ಕಪ್, 8 ಕಪ್, 12 ಕಪ್ ಅಂತ ಇವೆ. ಕೆಲವು 800 ವಾಟ್, ಕೆಲವು 1,000. ಒಂದರಲ್ಲಿ ಸ್ವಿಚ್ಚೇ ಇಲ್ಲ, ಇನ್ನೊಂದರಲ್ಲಿ ಕೆಂಪು ದೀಪ ಇದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಜೊತೆಗೆ ಪರ್ಕೋಲೇಟರ್ ಕಾಫಿ ಕಹಿ ಅಂತ ಬೈಯುವವರೂ ಬೇಕಾದಷ್ಟು ಜನ. ಬಳಸುತ್ತಿರುವವರು ಹೇಳಿ, ನಿಜವಾಗಿ ನೋಡಬೇಕಾದ್ದು ಏನು?

ತಂತಿ ಮಾಸ್ತರ

ವಾಟ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ತಿಳಿದರೆ ಆಯ್ಕೆ ಸುಲಭ.

ಪಾತ್ರೆಯ ತಳದಲ್ಲಿ ಒಂದು ಸಣ್ಣ ಕುಳಿ ಇರುತ್ತದೆ. ಹೀಟರಿನ ಶಾಖ ಮುಖ್ಯವಾಗಿ ಅಲ್ಲಿಗೇ ಬೀಳುತ್ತದೆ. ನಡುವಿನ ಕೊಳವೆಯ ಬುಡ ಆ ಕುಳಿಯೊಳಗೆ ಕೂರುತ್ತದೆ. ಕುಳಿಯಲ್ಲಿರುವ ಚೂರು ನೀರು ಕುದಿದು ಗುಳ್ಳೆ ಏಳುತ್ತದೆ. ಆ ಗುಳ್ಳೆ ತನ್ನ ಮೇಲಿನ ನೀರನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ನೀರು ತೂತಿನ ತಟ್ಟೆಯ ಮೇಲೆ ಬಿದ್ದು, ಬುಟ್ಟಿಯ ಪುಡಿಯ ಮೂಲಕ ಇಳಿದು, ಮತ್ತೆ ಕೆಳಗಿನ ನೀರಿಗೇ ಸೇರುತ್ತದೆ. ಹೀಗೆ ಸುತ್ತುತ್ತಲೇ ಇರುತ್ತದೆ. ಪಾತ್ರೆಯ ನೀರೆಲ್ಲ ಕುದಿಯಬೇಕಿಲ್ಲ, ಕುಳಿಯೊಂದು ಕುದಿದರೆ ಸಾಕು. ಅದಕ್ಕೇ ಪ್ಲಗ್ ಹಾಕಿದ ಸ್ವಲ್ಪ ಹೊತ್ತಿಗೇ ಗುಳುಗುಳು ಶುರುವಾಗುತ್ತದೆ.

ಒಲೆಯ ಮೇಲಿಡುವ ಪರ್ಕೋಲೇಟರ್‌ಗೂ ಇದೇ ತತ್ವ. ಅಲ್ಲಿ ಯಾವಾಗ ನಿಲ್ಲಿಸಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ. ಎಲೆಕ್ಟ್ರಿಕ್‌ನಲ್ಲಿ ಅದನ್ನು ಥರ್ಮೋಸ್ಟಾಟ್ ನಿರ್ಧರಿಸುತ್ತದೆ. ತಳದ ಬಿಸಿ ಒಂದು ಮಟ್ಟ ಮುಟ್ಟಿದಾಗ ದೊಡ್ಡ ಹೀಟರ್ ನಿಲ್ಲುತ್ತದೆ. ಆಮೇಲೆ ಕಾಫಿಯನ್ನು ಬೆಚ್ಚಗಿಡಲು ತೀರ ಕಡಿಮೆ ಶಕ್ತಿಯ ಹೀಟರ್ ಮಾತ್ರ ಓಡುತ್ತದೆ. ಕೆಂಪು ದೀಪ ಹತ್ತುವುದು ಸಾಮಾನ್ಯವಾಗಿ ಆವಾಗ. ಅಂದರೆ ಅಡುಗೆಮನೆಯ ಗಡಿಯಾರ ಏನೇ ಹೇಳಲಿ, ಅದರ ಲೆಕ್ಕ ಬಿಸಿಯದ್ದು, ಸಮಯದ್ದಲ್ಲ. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಕಡೆ ಕೆಲಸಕ್ಕೆ ಬರುತ್ತದೆ.

ಈಗ ವಾಟ್. 8 ಕಪ್ ಅಂದರೆ ಸುಮಾರು 1.2 ಲೀಟರ್ ನೀರು. ಅದನ್ನು 25 ಡಿಗ್ರಿಯಿಂದ 95 ಡಿಗ್ರಿಗೆ ಏರಿಸಲು ಸುಮಾರು 350 ಕಿಲೋಜೂಲ್ ಬೇಕು. 800 ವಾಟ್ ಹೀಟರ್ ಅಷ್ಟು ಕೊಡಲು ಏಳು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಹೊರಗೆ ಸೋರುವ ಶಾಖವನ್ನೂ ಸೇರಿಸಿದರೆ ಒಂಬತ್ತು ಹತ್ತು ನಿಮಿಷ. 1,000 ವಾಟ್ ಇದ್ದರೆ ಒಂದೆರಡು ನಿಮಿಷ ಉಳಿಯುತ್ತದೆ ಅಷ್ಟೆ. ಡಬ್ಬಿಯ ಮೇಲೆ ‘ನಿಮಿಷಕ್ಕೆ ಒಂದು ಕಪ್’ ಅಂತ ಹಾಕುತ್ತಾರಲ್ಲ, ಆ ಮಾತು ಈ ಲೆಕ್ಕಕ್ಕೆ ಹತ್ತಿರವೇ ಇದೆ.

ನಾಜೂಕು ನಾಲಿಗೆ

ಯಾರೂ ಹೇಳಲ್ಲ, ನಾನೇ ಹೇಳುತ್ತೇನೆ. ಒಳ್ಳೆಯ ಬೀಜಕ್ಕೆ ದುಡ್ಡು ಕೊಡುವವರು ಪರ್ಕೋಲೇಟರ್ ಕೊಳ್ಳಬಾರದು. ಮಾಸ್ತರ್ರು ವಿವರಿಸಿದ್ದರಲ್ಲೇ ತಪ್ಪು ಇದೆ ನೋಡಿ. ಒಮ್ಮೆ ಇಳಿದ ಕಾಫಿಯನ್ನು ಮತ್ತೆ ಬಿಸಿ ಮಾಡಿ ಅದೇ ಪುಡಿಯ ಮೇಲೆ ಸುರಿಯುತ್ತದೆ. ಕಾಫಿ ಇಳಿಸಲು 90ರಿಂದ 96 ಡಿಗ್ರಿ ಸರಿ ಅಂತ ಕಾಫಿ ಲೋಕ ಹೆಚ್ಚುಕಡಿಮೆ ಒಪ್ಪಿಕೊಂಡಿದೆ. ಪರ್ಕೋಲೇಟರ್ ಕೊನೆಯ ಹೊತ್ತಿಗೆ ಅದನ್ನೂ ದಾಟಿ ಕುದಿಯುವ ಹತ್ತಿರ ಇರುತ್ತದೆ. ಮನೆಯೆಲ್ಲ ಘಮಘಮ ಅಂತ ಖುಷಿಪಡುತ್ತಾರೆ. ಆ ಘಮ ಕಪ್ಪಿನಲ್ಲಿ ಇರಬೇಕಾದ್ದು, ಮನೆ ತುಂಬ ಹರಡಿದರೆ ಏನು ಬಂತು?

ಬಿಸಿನೀರನ್ನು ಪುಡಿಯ ಮೇಲೆ ಒಂದೇ ಸಲ ಹನಿಸುವ ಡ್ರಿಪ್ ಯಂತ್ರ ಮನೆಗಳಿಗೆ ಬಂದ ಮೇಲೆ ಜನ ಇದನ್ನು ಬಿಟ್ಟದ್ದು ಸುಮ್ನೆ ಅಲ್ಲ. ಅಮೆರಿಕದಲ್ಲಿ 1972ರಲ್ಲಿ ಮಿಸ್ಟರ್ ಕಾಫಿ ಅನ್ನುವ ಡ್ರಿಪ್ ಯಂತ್ರ ಬಂತು. ಕೆಲವೇ ವರ್ಷಗಳಲ್ಲಿ ಪರ್ಕೋಲೇಟರ್ ಅಟ್ಟ ಸೇರಿತು.

ಪುಡಿಡಬ್ಬಿ

ನಾಜೂಕು ಅವರೇ, ಘಮದ ಮಾತು ಒಪ್ಪಿದೆ. ತೆಳ್ಳನೆಯ ಹುರಿತದ, ಹೂವು ಹಣ್ಣಿನ ವಾಸನೆಯ ಬೀಜವನ್ನು ಇದಕ್ಕೆ ಹಾಕುವುದು ದಂಡ. ಆದರೆ ಕಹಿಗೆ ಕಾರಣ ಯಂತ್ರ ಒಂದೇ ಅಲ್ಲ, ಪುಡಿಯನ್ನು ಹಾಕುವ ರೀತಿಯೂ ಹೌದು. ಬಹಳ ಜನ ‘ಹೇಗೂ ನೀರು ಸುತ್ತಿ ಸುತ್ತಿ ಬರುತ್ತದಲ್ಲ, ಪುಡಿ ಕಮ್ಮಿ ಸಾಕು’ ಅಂದುಕೊಳ್ಳುತ್ತಾರೆ. ಕಹಿ ಬರುವುದೇ ಅದರಿಂದ.

ಲೆಕ್ಕ ಹೀಗಿದೆ. ಹುರಿದ ಕಾಫಿಯಲ್ಲಿ ನೀರಿಗೆ ಬಿಡುವ ಅಂಶ ತೂಕದಲ್ಲಿ ನೂರಕ್ಕೆ ಸುಮಾರು 30 ಭಾಗ. ಅಷ್ಟೂ ಬಂದರೆ ಕುಡಿಯಲಾಗದು. ಅರ್ನೆಸ್ಟ್ ಲಾಕ್‌ಹಾರ್ಟ್ ಅನ್ನುವ ರಸಾಯನ ವಿಜ್ಞಾನಿ 1950ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿದರು. ನೂರಕ್ಕೆ 18ರಿಂದ 22 ಭಾಗ ಇಳಿದರೆ ರುಚಿ ಹದವಾಗಿರುತ್ತದೆ ಅನ್ನುವ ಅಳತೆ ಆಗ ಬಂದದ್ದು, ಇವತ್ತಿಗೂ ಅದೇ ಬಳಕೆಯಲ್ಲಿದೆ. ಪುಡಿ ಕಮ್ಮಿ ಹಾಕಿದರೆ ಬಣ್ಣ ಬರುವ ಹೊತ್ತಿಗೆ ಒಂದೊಂದು ಕಣವೂ 22 ದಾಟಿ ಹಿಂಡಿಹೋಗಿರುತ್ತದೆ. ಮೊದಲು ಇಳಿಯುವುದು ಹುಳಿ, ಸಿಹಿ. ಕೊನೆಗೆ ಇಳಿಯುವುದು ಕಹಿ, ಒಗರು.

ಹಾಗಾಗಿ ಲೀಟರಿಗೆ 55 ಗ್ರಾಂ ಪುಡಿ ಅಂತ ಶುರು ಮಾಡಿ. 8 ಕಪ್ಪಿಗೆ 65 ಗ್ರಾಂ ಆಸುಪಾಸು. ಹಾಲು ಹಾಕಿ ಕುಡಿಯುವವರು ಇನ್ನೂ ಸ್ವಲ್ಪ ಏರಿಸಿ. ಪುಡಿ ತರಿತರಿ ಇರಬೇಕು, ದಪ್ಪ ಉಪ್ಪಿನಷ್ಟು. ಸಿದ್ಧ ಪ್ಯಾಕೆಟ್ಟುಗಳಲ್ಲಿ ಬರುವ ನುಣ್ಣನೆಯ ಪುಡಿ ಬುಟ್ಟಿಯ ತೂತಿನಿಂದ ಕೆಳಗಿಳಿದು ಗಸಿ ಆಗುತ್ತದೆ. ಇಲ್ಲವೇ ತೂತು ಮುಚ್ಚಿಕೊಂಡು ನೀರು ಬುಟ್ಟಿಯ ಅಂಚಿನಿಂದ ಉಕ್ಕುತ್ತದೆ. ಚಿಕೋರಿ ಬೆರೆಸಿದ ಪುಡಿಯೂ ಇದಕ್ಕೆ ಹೊಂದುವುದಿಲ್ಲ, ಬುಟ್ಟಿಯಲ್ಲಿ ಹಿಡಿದುಕೊಳ್ಳುತ್ತದೆ.

ಪರ್ಕೋಲೇಟರ್ ತರುವ ಮೊದಲು ತರಿಯಾಗಿ ಬೀಸಿಸಿಕೊಳ್ಳುವ ದಾರಿ ಇದೆಯಾ ನೋಡಿಕೊಳ್ಳಿ. ಅದಿಲ್ಲದಿದ್ದರೆ ಎಷ್ಟು ಒಳ್ಳೆಯ ಮಾಡೆಲ್ ತಂದರೂ ಅಷ್ಟೆ.

ನಾಜೂಕು ನಾಲಿಗೆ

ಪುಡಿ ಜಾಸ್ತಿ ಹಾಕಿ ಯಂತ್ರದ ದೋಷ ಮುಚ್ಚುವುದು ಅಂದಹಾಗಾಯಿತು. ಇರಲಿ, ನೀವು ಹೇಳಿದ ಲೆಕ್ಕ ತಪ್ಪಲ್ಲ. ತರಿ ಪುಡಿ, ಕಡುವಾಗಿ ಹುರಿದ ಬೀಜ, ಹಾಲು, ಹತ್ತು ಜನ. ಈ ನಾಲ್ಕೂ ಇರುವ ಮನೆಗೆ ಪರ್ಕೋಲೇಟರ್ ಸರಿ ಅಂತ ಒಪ್ಪುತ್ತೇನೆ. ಇಬ್ಬರಿಗೆ ಅಂದರೆ ಈಗಲೂ ಬೇಡ ಅನ್ನುತ್ತೇನೆ.

ಹಬೆ ಮುಚ್ಚಳ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮನೆಯಲ್ಲಿ ಇರುವುದು 12 ಕಪ್ಪಿನ ಸ್ಟೀಲ್ ಪರ್ಕೋಲೇಟರ್. ಎಲ್ಲರೂ ಕಹಿ ಕಹಿ ಅನ್ನುತ್ತಿದ್ದೀರಿ. ನಮ್ಮದರಲ್ಲಿ ಅದರ ಉಲ್ಟಾ. ಕಾಫಿ ಬರೀ ನೀರು ನೀರು. ಪುಡಿ ಜಾಸ್ತಿ ಮಾಡಿದರೂ ಅಷ್ಟೇ. ಬೇಗ ಆಗಲಿ ಅಂತ ಕೆಟಲ್‌ನಲ್ಲಿ ಬಿಸಿ ಮಾಡಿದ ನೀರನ್ನೇ ಹಾಕುತ್ತೇವೆ. ಐದು ನಿಮಿಷವೂ ಆಗುವುದಿಲ್ಲ, ದೀಪ ಹತ್ತಿಬಿಡುತ್ತದೆ. ಥರ್ಮೋಸ್ಟಾಟ್ ಕೆಟ್ಟಿದೆಯಾ?

ತಂತಿ ಮಾಸ್ತರ

ಮೇಡಂ, ಥರ್ಮೋಸ್ಟಾಟ್ ಸರಿಯಾಗಿಯೇ ಇದೆ. ಅದು ತನ್ನ ಕೆಲಸ ಚೆನ್ನಾಗಿ ಮಾಡುತ್ತಿದೆ ಅನ್ನುವುದೇ ನಿಮ್ಮ ತೊಂದರೆ. ಆಗಲೇ ಹೇಳಿದೆನಲ್ಲ, ಅದಕ್ಕೆ ಸಮಯ ಗೊತ್ತಿಲ್ಲ, ಬಿಸಿ ಮಾತ್ರ ಗೊತ್ತು. ತಣ್ಣೀರಿನಿಂದ ಶುರುವಾದರೆ ಆ ಬಿಸಿ ಮುಟ್ಟುವ ತನಕ ಹತ್ತು ನಿಮಿಷ ನೀರು ಪುಡಿಯ ಮೂಲಕ ಸುತ್ತುತ್ತದೆ. ನೀವು ಬಿಸಿನೀರು ಹಾಕಿದರೆ ನಾಲ್ಕು ಸುತ್ತು ಆಗುವಷ್ಟರಲ್ಲಿ ‘ಆಯಿತು’ ಅಂತ ನಿಂತುಬಿಡುತ್ತದೆ. ಕಾಫಿ ಇಳಿಯಲು ಹೊತ್ತೇ ಸಿಗಲಿಲ್ಲ.

ನಲ್ಲಿಯ ತಣ್ಣೀರು ಹಾಕಿ ನೋಡಿ. ಇನ್ನೊಂದು ಕೇಳುತ್ತೇನೆ. 12 ಕಪ್ಪಿನದರಲ್ಲಿ ನೀವು ಎಷ್ಟು ಮಾಡುತ್ತೀರಿ?

ಹಬೆ ಮುಚ್ಚಳ

ಹೆಚ್ಚಾಗಿ ಎರಡು, ಮೂರು ಕಪ್ ಸರ್. ದಿನಾ ಅಷ್ಟೇ ಬೇಕಾಗುವುದು.

ತಂತಿ ಮಾಸ್ತರ

ಅದೂ ಒಂದು ಕಾರಣ. ನೀರು ಕಮ್ಮಿ ಇದ್ದರೆ ಬೇಗ ಕಾಯುತ್ತದೆ, ಬೇಗ ನಿಲ್ಲುತ್ತದೆ. ಮೇಲಾಗಿ ಅಷ್ಟು ಅಗಲದ ಬುಟ್ಟಿಯಲ್ಲಿ ಎರಡು ಕಪ್ಪಿನ ಪುಡಿ ತೆಳ್ಳಗೆ ಹರಡಿಕೊಂಡು ನೀರು ಸೀದಾ ಜಾರಿಹೋಗುತ್ತದೆ. ದೊಡ್ಡ ಮಾಡೆಲ್‌ಗಳಿಗೆ ಕನಿಷ್ಠ ಗೆರೆ ಅಂತ ಒಂದಿರುತ್ತದೆ, ಬಹಳಷ್ಟರಲ್ಲಿ ಅದು 4 ಕಪ್. ಒಳಗಡೆ ಗುರುತು ಇರುತ್ತದೆ ನೋಡಿ.

ಗುಟುಕು ಅವರೇ, ಇದು ನಿಮಗೂ ಸೇರಿದ ಮಾತು. ಅಳತೆ ಆರಿಸುವಾಗ ‘ಜಾಸ್ತಿ ಜನ ಬಂದರೆ ಎಷ್ಟು’ ಅಂತ ಎಲ್ಲರೂ ಕೇಳಿಕೊಳ್ಳುತ್ತಾರೆ. ಮೊದಲು ಕೇಳಿಕೊಳ್ಳಬೇಕಾದ್ದು ‘ತೀರ ಕಮ್ಮಿ ಅಂದರೆ ದಿನಕ್ಕೆ ಎಷ್ಟು ಮಾಡುತ್ತೇವೆ’ ಅನ್ನುವುದು. ಆ ಕಮ್ಮಿ ಅಳತೆ ಯಂತ್ರದ ಕನಿಷ್ಠ ಗೆರೆಗಿಂತ ಮೇಲಿರಬೇಕು.

ಗುಟುಕು

ಇದು ನನಗೆ ಹೊಳೆದೇ ಇರಲಿಲ್ಲ ಮಾಸ್ತರ್ರೇ. ಬೆಳಿಗ್ಗೆ ನಾಲ್ಕು ಜನಕ್ಕೂ ಒಟ್ಟಿಗೇ ಮಾಡುತ್ತೇವೆ. ನಮ್ಮ ಮಗ್ಗುಗಳು ದೊಡ್ಡವು. ಹಾಗಾದರೆ 8 ಕಪ್ ಅಂದರೆ ಎಂಟು ಮಗ್ ಅಲ್ಲ, ಅಲ್ವಾ?

ಪುಡಿಡಬ್ಬಿ

ಖಂಡಿತ ಅಲ್ಲ. ತಯಾರಕರ ‘ಕಪ್’ ಸುಮಾರು 150 ಮಿಲಿ, ಕೆಲವರದ್ದು ಇನ್ನೂ ಚಿಕ್ಕದು. ಮಾಮೂಲಿ ಮಗ್ 250ರಿಂದ 300 ಮಿಲಿ ಹಿಡಿಯುತ್ತದೆ. 8 ಕಪ್ಪಿನ ಪರ್ಕೋಲೇಟರ್ ತುಂಬಿಸಿದರೆ ನಾಲ್ಕು ಮಗ್, ಮೇಲೆ ಸ್ವಲ್ಪ. 12 ಕಪ್ ಅಂದರೆ 1.8 ಲೀಟರ್, ಆರೇಳು ಮಗ್. ಕಪ್ ಲೆಕ್ಕ ನೋಡಲೇಬೇಡಿ, ಲೀಟರ್ ಎಷ್ಟು ಅಂತ ನೋಡಿ. ಪುಡಿ ಕೂಡ ಒಂದಷ್ಟು ನೀರು ಕುಡಿಯುತ್ತದೆ, ಗ್ರಾಂಗೆ ಸುಮಾರು 2 ಮಿಲಿ. 65 ಗ್ರಾಂ ಪುಡಿ ಹಾಕಿದರೆ 130 ಮಿಲಿ ಅಲ್ಲೇ ಹೋಯಿತು.

ಹಳೇಪಾತ್ರೆ ರಾಯರು

ಚರ್ಚೆ ಚೆನ್ನಾಗಿದೆ. ನಾನು ಹಳೆಯ ಪರ್ಕೋಲೇಟರುಗಳನ್ನು ಕೂಡಿಡುವವನು. ಸ್ವಲ್ಪ ಹಳೆಯ ಕತೆ ಹೇಳುತ್ತೇನೆ, ಬೇಡದವರು ದಾಟಿಕೊಂಡು ಹೋಗಿ.

ಕುದಿಯುವ ನೀರನ್ನು ಕೊಳವೆಯಲ್ಲಿ ಏರಿಸಿ ಪುಡಿಯ ಮೇಲೆ ಸುರಿಯುವ ಪಾತ್ರೆಯನ್ನು 1819ರಲ್ಲಿ ಪ್ಯಾರಿಸ್ಸಿನ ತಗಡು ಕೆಲಸಗಾರ ಲೋರಾನ್ ಮಾಡಿದ. ಅಮೆರಿಕದಲ್ಲಿ 1865ರಲ್ಲಿ ಜೇಮ್ಸ್ ನೇಸನ್ ಒಂದು ಪೇಟೆಂಟ್ ತೆಗೆದ. ಇವತ್ತು ನಾವು ನೋಡುವ ಒಲೆಯ ಪರ್ಕೋಲೇಟರಿನ ರೂಪ ಬಂದದ್ದು 1889ರಲ್ಲಿ, ಇಲಿನಾಯ್‌ನ ಹ್ಯಾನ್ಸನ್ ಗುಡ್ರಿಚ್ ಅನ್ನುವ ರೈತನಿಂದ. ಕೊಳವೆ, ಬುಟ್ಟಿ, ಮೇಲೊಂದು ತಟ್ಟೆ. ಅಲ್ಲಿಂದ ಇಲ್ಲಿಗೆ ದೊಡ್ಡ ಬದಲಾವಣೆ ಏನೂ ಆಗಿಲ್ಲ. 20ನೇ ಶತಮಾನದ ಶುರುವಿನಲ್ಲೇ ಕರೆಂಟಿನವೂ ಬಂದವು.

ಈಗ ಕೆಲಸದ ಮಾತು. ಹಳೆಯದು ಅಂದರೆ ಗಟ್ಟಿ ಅಂತ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದ್ದಾರೆ. ಪಾತ್ರೆ ಗಟ್ಟಿ ಇರಬಹುದು, ತಂತಿಯ ಬಗ್ಗೆ ಆ ಮಾತು ಹೇಳಲಾರೆ. ಬಟ್ಟೆ ಸುತ್ತಿದ ಹಳೆಯ ವಯರ್ ಇದ್ದರೆ ಮುಟ್ಟಬೇಡಿ. ಎರಡು ಪಿನ್ನಿನವುಗಳಲ್ಲಿ ಅರ್ಥಿಂಗ್ ಇರುವುದಿಲ್ಲ. ಹೊರಮೈ ಪೂರ್ತಿ ಲೋಹ, ಒಳಗೆ ನೀರು, ಅರ್ಥಿಂಗ್ ಇಲ್ಲ. ಇದು ಯಾಕೆ ಬೇಕು ಹೇಳಿ? ಹಿಡಿಯ ಹತ್ತಿರ ಬಿರುಕು, ಮುಚ್ಚಳದ ಮೇಲಿನ ಗಾಜಿನ ಗುಬ್ಬಿ ಸಡಿಲ, ಬುಟ್ಟಿಯ ಮೇಲಿನ ತಟ್ಟೆ ಕಾಣೆ, ಇವೂ ಸಾಮಾನ್ಯ. ತಟ್ಟೆ ಇಲ್ಲದಿದ್ದರೆ ನೀರು ಪುಡಿಯ ನಡುವೆ ಒಂದೇ ಕಡೆ ಕುಳಿ ತೋಡುತ್ತದೆ, ಸುತ್ತಲಿನ ಪುಡಿ ಹಾಗೇ ಉಳಿಯುತ್ತದೆ.

ಸರಕು ನೋಡುವವ

ಫಾರ್ಬರ್‌ವೇರ್, ಪ್ರೆಸ್ಟೊ, ಹ್ಯಾಮಿಲ್ಟನ್ ಬೀಚ್ ಈ ಅಮೆರಿಕದ ಕಂಪನಿಗಳ ಹೆಸರು ಎಲ್ಲ ಕಡೆ ಕಾಣುತ್ತದೆ. ವಿದೇಶದಿಂದ ಬರುವ ಪರಿಚಯದವರ ಕೈಲಿ ತರಿಸಬಹುದಾ? ಒಂದು ಅಡಾಪ್ಟರ್ ಹಾಕಿದರೆ ನಡೆಯುತ್ತದಲ್ಲ?

ತಂತಿ ಮಾಸ್ತರ

ನಡೆಯುವುದಿಲ್ಲ! ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಪರ್ಕೋಲೇಟರ್ 120 ವೋಲ್ಟಿನದು. ಅದನ್ನು 230 ವೋಲ್ಟಿನ ಮನೆಯಲ್ಲಿ ಹಾಕಿದರೆ ಹೀಟರಿಗೆ ಹರಿಯುವ ಶಕ್ತಿ ಎರಡು ಪಟ್ಟು ಆಗುವುದಿಲ್ಲ. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ. 800 ವಾಟಿನದು ಸುಮಾರು 2,900 ವಾಟ್ ಎಳೆಯಲು ಹೋಗುತ್ತದೆ. ಒಳಗಿನ ಫ್ಯೂಸ್ ಹೋದರೆ ನಿಮ್ಮ ಪುಣ್ಯ.

ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. 1,000 ವಾಟ್ ಎಳೆಯುವುದಕ್ಕೆ ಅದಕ್ಕಿಂತ ದೊಡ್ಡದೇ ಬೇಕು. ಅದು ಭಾರದ ಪೆಟ್ಟಿಗೆ, ಅಡುಗೆಮನೆ ಕಟ್ಟೆಯ ಮೇಲೆ ಪರ್ಕೋಲೇಟರಿಗಿಂತ ಜಾಸ್ತಿ ಜಾಗ ಅದಕ್ಕೇ ಹೋಗುತ್ತದೆ. ನಿಮ್ಮ ಮನೆಯ ವೋಲ್ಟೇಜಿಗೇ ಮಾಡಿದ್ದು ಸಿಕ್ಕರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಒಲೆಯ ಮೇಲಿನ ಪರ್ಕೋಲೇಟರ್ ತನ್ನಿ. ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ವೋಲ್ಟ್ ಬರೆದಿರುತ್ತದೆ, ಡಬ್ಬಿಯ ಚಿತ್ರ ನಂಬಬೇಡಿ.

ಇನ್ನೊಂದು ಎಚ್ಚರ. ಕರೆಂಟಿನ ಮೋಕಾ ಪಾತ್ರೆಗಳನ್ನೂ ಪರ್ಕೋಲೇಟರ್ ಅಂತಲೇ ಮಾರುತ್ತಾರೆ. 1933ರಲ್ಲಿ ಇಟಲಿಯಲ್ಲಿ ಬಂದ ಮೋಕಾದಲ್ಲಿ ನೀರು ಒಂದೇ ಸಲ ಒತ್ತಡದಿಂದ ಪುಡಿ ದಾಟಿ ಮೇಲಿನ ಅರೆಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕಾಫಿ ಗಟ್ಟಿ, ಪ್ರಮಾಣ ಚಿಕ್ಕದು. ಹತ್ತು ಜನಕ್ಕೆ ಅದು ಸಾಲದು. ಒಳಗೆ ಉದ್ದದ ಕೊಳವೆ, ಅದರ ಮೇಲೆ ತೂಗುವ ಬುಟ್ಟಿ ಇದ್ದರೆ ಮಾತ್ರ ನೀವು ಹುಡುಕುತ್ತಿರುವ ವಸ್ತು.

ತೊಳೆಯೋ ಪಾಳಿ

ಕಾಫಿ ಮಾಡುವವರ ಮಾತೇ ಆಯಿತು. ತೊಳೆಯುವವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಆ ಕೆಲಸ ನನ್ನದು.

ಕೊಳ್ಳುವಾಗ ಮುಚ್ಚಳ ತೆಗೆದು ಕೈ ಒಳಗೆ ಹಾಕಿ ನೋಡಿ. ತಳ ಮುಟ್ಟುತ್ತದಾ? ಎತ್ತರವಾಗಿ ಕಿರಿದಾಗಿ ಇರುವ ಮಾಡೆಲ್ ನೋಡಲು ಚೆಂದ. ಕೈ ಹೋಗದಿದ್ದರೆ ಬ್ರಷ್ಷೇ ಗತಿ. ಕರೆಂಟಿನ ಭಾಗ ತಳದಲ್ಲೇ ಇರುವುದರಿಂದ ಇಡೀ ಪಾತ್ರೆಯನ್ನು ನೀರಿನಲ್ಲಿ ಮುಳುಗಿಸಲು ಬಾರದು. ಮುಳುಗಿಸಬಹುದು ಅಂತ ತಯಾರಕರೇ ಬರೆದಿದ್ದರೆ ಆ ಮಾತು ಬೇರೆ. ಹೆಚ್ಚಿನವು ಹಾಗಿರುವುದಿಲ್ಲ. ಮೂತಿಯ ಒಳಭಾಗವನ್ನೂ ನೋಡಿ. ಕಾಫಿಯ ಎಣ್ಣೆ ಅಂಟಿಕೊಂಡು ಹಳಸಲು ವಾಸನೆ ಬರುವುದು ಅಲ್ಲಿಂದಲೇ. ಪಾತ್ರೆ ಫಳಫಳ ಅನ್ನುತ್ತಿರುತ್ತದೆ, ಕಾಫಿ ಮಾತ್ರ ಕಮಟು.

ಕೊಳವೆಗೆ ಉದ್ದನೆಯ ತೆಳು ಬ್ರಷ್ ಬೇಕು. ಪ್ರತಿ ಸಲ ಒಮ್ಮೆ ಎಳೆದುಬಿಡಿ. ಎಣ್ಣೆಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸಾಕು. ಇದು ಸ್ಟೀಲಿಗೆ ಹೇಳಿದ್ದು. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಆಗುವುದಿಲ್ಲ, ಕಪ್ಪಾಗುತ್ತದೆ. ನನ್ನನ್ನು ಕೇಳಿದರೆ ಅಲ್ಯೂಮಿನಿಯಂ ತರಲೇಬೇಡಿ. ಅಗ್ಗ, ಹಗುರ, ಬೇಗ ಕಾಯುತ್ತದೆ, ಎಲ್ಲ ನಿಜ. ಆದರೆ ಕಾಫಿಯ ಹುಳಿಗೆ ಅದು ಒಗ್ಗುವುದಿಲ್ಲ. ಸ್ಟೀಲ್ ಅಂದರೂ ಬುಟ್ಟಿ, ಕೊಳವೆ ಕೂಡ ಸ್ಟೀಲೇ ಇದೆಯಾ ಅಂತ ಕೇಳಿ. ಹೊರಗೆ ಸ್ಟೀಲ್, ಒಳಗಿನ ಬುಟ್ಟಿ ಅಲ್ಯೂಮಿನಿಯಂ ಇರುವವು ಬೇಕಾದಷ್ಟಿವೆ.

ಗಡಸು ನೀರಿನ ಮನೆಯವರಿಗೆ ಇನ್ನೊಂದು ಕೆಲಸ ಇದೆ. ತಳದ ಕುಳಿಯಲ್ಲಿ ಬಿಳಿ ಸುಣ್ಣದ ಪದರ ಕೂರುತ್ತದೆ.

ತಂತಿ ಮಾಸ್ತರ

ಆ ಪದರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ರಿಪೇರಿಗೆ ‘ಗುಳುಗುಳು ನಿಂತುಹೋಗಿದೆ, ಹೀಟರ್ ಸುಟ್ಟಿರಬೇಕು’ ಅಂತ ಬರುವ ಪರ್ಕೋಲೇಟರುಗಳಲ್ಲಿ ಎಷ್ಟೋ ಸಲ ಹೀಟರ್ ಚೆನ್ನಾಗಿಯೇ ಇರುತ್ತದೆ. ಕುಳಿ ತುಂಬ ಸುಣ್ಣ ಕಟ್ಟಿಕೊಂಡು ಕೊಳವೆಯ ಬುಡ ಸರಿಯಾಗಿ ಕೂರುತ್ತಿರುವುದಿಲ್ಲ. ಕೆಲವು ಮಾಡೆಲ್‌ನಲ್ಲಿ ಬುಡದಲ್ಲಿ ಸಡಿಲವಾಗಿ ಆಡುವ ಒಂದು ಸಣ್ಣ ಬಿಲ್ಲೆ ಇರುತ್ತದೆ. ನೀರನ್ನು ಒಳಗೆ ಬಿಡುವುದು, ಗುಳ್ಳೆ ಎದ್ದಾಗ ಮುಚ್ಚಿಕೊಳ್ಳುವುದು ಅದರ ಕೆಲಸ. ಅದು ಸುಣ್ಣಕ್ಕೆ ಅಂಟಿಕೊಂಡರೆ ನೀರು ಮೇಲೇರುವುದಿಲ್ಲ.

ಒಂದು ಭಾಗ ವಿನೆಗರ್, ಒಂದು ಭಾಗ ನೀರು ಹಾಕಿ, ಪುಡಿ ಇಲ್ಲದೆ ಒಂದು ಸುತ್ತು ಓಡಿಸಿ. ಸಿಟ್ರಿಕ್ ಆಸಿಡ್ ಇದ್ದರೆ ಇನ್ನೂ ಒಳ್ಳೆಯದು, ವಾಸನೆ ಇರುವುದಿಲ್ಲ. ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸುತ್ತು. ಕುಳಿಯನ್ನು ಚಾಕುವಿನಿಂದ ಕೆರೆಯಬೇಡಿ.

ನೀರಿಲ್ಲದೆ ಪ್ಲಗ್ ಹಾಕಲೂಬೇಡಿ. ಒಣಗಿದ ಪಾತ್ರೆ ಅತಿಯಾಗಿ ಕಾದರೆ ಒಳಗಿನ ಥರ್ಮಲ್ ಫ್ಯೂಸ್ ಹೋಗುತ್ತದೆ. ಬೆಂಕಿ ತಪ್ಪಿಸಲು ಇಟ್ಟದ್ದು ಅದು. ಹೋದರೆ ತಾನಾಗಿ ಸರಿಯಾಗುವುದಿಲ್ಲ, ಬಿಚ್ಚಿ ಬದಲಿಸಬೇಕು. ಒಣಗಿದರೆ ತಾನೇ ನಿಲ್ಲುವ ವ್ಯವಸ್ಥೆ ಇದೆಯಾ ಅಂತ ಕೈಪಿಡಿಯಲ್ಲಿ ನೋಡಿ ಕೊಳ್ಳಿ.

ಹೃದಯವಂತ

ಕಾಗದದ ಫಿಲ್ಟರ್ ಬೇಡ ಅಂತ ಗುಟುಕು ಅವರು ಬರೆದಿದ್ದಾರೆ. ಒಂದು ವಿಷಯ ಗಮನಕ್ಕೆ. ಕಾಫಿಯ ಎಣ್ಣೆಯಲ್ಲಿ ಕ್ಯಾಫೆಸ್ಟಾಲ್, ಕಾವಿಯಾಲ್ ಅನ್ನುವ ಅಂಶಗಳಿವೆ. ಇವು ರಕ್ತದಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತವೆ. ಕಾಗದ ಇವನ್ನು ಬಹಳಮಟ್ಟಿಗೆ ಹಿಡಿದುಕೊಳ್ಳುತ್ತದೆ, ಲೋಹದ ಜಾಲರಿ ಹಿಡಿಯುವುದಿಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇರುವವರು ದಿನಕ್ಕೆ ಹಲವು ಕಪ್ ಕುಡಿಯುವುದಾದರೆ ಕಾಗದವೇ ವಾಸಿ. ಪರ್ಕೋಲೇಟರ್ ಬುಟ್ಟಿಗೆ ಅಂತಲೇ ನಡುವೆ ತೂತಿರುವ ದುಂಡನೆಯ ಕಾಗದ ಸಿಗುತ್ತದೆ. ಗಸಿಯೂ ಕಮ್ಮಿಯಾಗುತ್ತದೆ.

ಗುಟುಕು

ಧನ್ಯವಾದ ಸರ್. ಮನೆಯಲ್ಲಿ ಅಪ್ಪನಿಗೆ ಕೊಲೆಸ್ಟ್ರಾಲ್ ಮಾತ್ರೆ ನಡೆಯುತ್ತಿದೆ. ಕಾಗದ ಬೇಡವೇ ಬೇಡ ಅನ್ನುವ ಹಟ ಬಿಡುತ್ತೇನೆ.

ಈಗ ಎರಡರ ನಡುವೆ ನಿಂತಿದ್ದೇನೆ. ಒಂದು 8 ಕಪ್ಪಿನದು, 1.2 ಲೀಟರ್, ಸ್ಟೀಲ್ ಬುಟ್ಟಿ, ವಯರ್ ಬಿಚ್ಚಿ ಪಕ್ಕಕ್ಕಿಡಬಹುದು, ದೀಪ ಇದೆ, ಸ್ವಿಚ್ ಇಲ್ಲ. ಇನ್ನೊಂದು 12 ಕಪ್ಪಿನದು, 1.8 ಲೀಟರ್, ಒಳಗೆ ಅಲ್ಯೂಮಿನಿಯಂ ಬುಟ್ಟಿ, ಮುಚ್ಚಳಕ್ಕೆ ಗಾಜಿನ ಗುಬ್ಬಿ, ವಯರ್ ಅಂಟಿಕೊಂಡೇ ಇದೆ. ಎರಡೂ ನಮ್ಮ ಮನೆಯ ವೋಲ್ಟೇಜಿನವೇ. ಮೂರನೆಯದು ನಲ್ಲಿ ಇರುವ 40 ಕಪ್ಪಿನ ದೊಡ್ಡ ಪಾತ್ರೆ, ಅದನ್ನು ನೋಡಿ ಮನೆಯವರು ನಕ್ಕರು.

ಪುಡಿಡಬ್ಬಿ

ಆ 40 ಕಪ್ಪಿನದು ಸಭೆ ಸಮಾರಂಭಕ್ಕೆ. ತುಂಬಿಸಿದರೆ ಅರ್ಧ ಗಂಟೆಗಿಂತ ಜಾಸ್ತಿ ಬೇಕು, ಕಮ್ಮಿ ನೀರಿನಲ್ಲಿ ನಡೆಯುವುದಿಲ್ಲ. ಮನೆಯವರು ನಕ್ಕಿದ್ದು ಸರಿ.

ನಾನಾದರೆ 8 ಕಪ್ಪಿನದನ್ನೇ ತರುತ್ತೇನೆ. ನಾಲ್ಕು ಮಗ್ಗಿಗೆ ಅದು ಹೊಂದುತ್ತದೆ. ರಜಾ ದಿನ ಎರಡು ಸಲ ಮಾಡಿ, ಮೊದಲನೆಯದನ್ನು ಫ್ಲಾಸ್ಕಿಗೆ ಬಗ್ಗಿಸಿಕೊಳ್ಳಿ. ಹೇಗೂ ಫ್ಲಾಸ್ಕಿಗೆ ಹಾಕುವುದು ಒಳ್ಳೆಯದೇ. ಬೆಚ್ಚಗಿಡುವ ಹೀಟರಿನ ಮೇಲೆ ಅರ್ಧ ಗಂಟೆ ದಾಟಿದ ಕಾಫಿ ಹುಳಿಹುಳಿ, ಒಗರೊಗರು ಆಗುತ್ತದೆ. ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಸಿಡ್ ಬಿಸಿಯಲ್ಲಿ ಒಡೆದು ಕ್ವಿನಿಕ್, ಕೆಫೆಯಿಕ್ ಆಸಿಡ್ ಆಗುವುದೂ ಇದಕ್ಕೆ ಒಂದು ಕಾರಣ.

ಹಳೇಪಾತ್ರೆ ರಾಯರು

ನನ್ನ ಮತ 12ಕ್ಕೆ. ಗಾಜಿನ ಗುಬ್ಬಿ ಇರುವ ಪರ್ಕೋಲೇಟರಿನ ಸುಖವೇ ಬೇರೆ. ಮೊದಲು ತಿಳಿನೀರು ಚಿಮ್ಮುತ್ತದೆ, ಆಮೇಲೆ ಹೊಂಬಣ್ಣ, ಆಮೇಲೆ ಕಂದು. ಬೇಕಾದ ಬಣ್ಣ ಬಂದ ಕೂಡಲೇ ಪ್ಲಗ್ ಎಳೆದುಬಿಡಬಹುದು. ಥರ್ಮೋಸ್ಟಾಟ್ ಹೇಳಿದ ತನಕ ಕಾಯಬೇಕು ಅಂತ ಎಲ್ಲಿದೆ? ಕಹಿ ತಪ್ಪಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬುಟ್ಟಿ ಅಲ್ಯೂಮಿನಿಯಂ ಆದರೇನು, ಅದರ ಮೇಲೆ ಕಾಫಿ ಇರುವುದು ಹತ್ತೇ ನಿಮಿಷ.

ತೊಳೆಯೋ ಪಾಳಿ

ರಾಯರೇ, ಅಂಟಿಕೊಂಡ ವಯರ್ ಇರುವ ಪಾತ್ರೆಯನ್ನು ಸಿಂಕಿನಲ್ಲಿ ತೊಳೆದು ನೋಡಿ, ಆಮೇಲೆ ಮತ ಹಾಕಿ. ಒಂದು ಕೈಯಲ್ಲಿ ಪ್ಲಗ್ ಎತ್ತಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಉಜ್ಜಬೇಕು. ಟೇಬಲ್ಲಿಗೆ ಒಯ್ಯುವಾಗಲೂ ಅದು ಬಾಲದ ಹಾಗೆ ಎಳೆದುಕೊಂಡು ಬರುತ್ತದೆ. ನನ್ನದು 8ಕ್ಕೇ.

ಹಬೆ ಮುಚ್ಚಳ

ಮಾಸ್ತರ್ರೇ, ತಣ್ಣೀರು ಹಾಕಿ, 5 ಕಪ್ ಮಾಡಿ ನೋಡಿದೆವು. ಬಣ್ಣವೂ ಬಂತು, ರುಚಿಯೂ ಬಂತು. ಸ್ವಲ್ಪ ಗಸಿ ಕಪ್ಪಿನ ತಳದಲ್ಲಿ ಉಳಿಯುತ್ತದೆ ಅಷ್ಟೆ.

ಪುಡಿಡಬ್ಬಿ

ಬುಟ್ಟಿಯನ್ನು ಮೊದಲು ನೀರಿನಲ್ಲಿ ನೆನೆಸಿ, ಆಮೇಲೆ ಪುಡಿ ಹಾಕಿ. ಒದ್ದೆ ಬುಟ್ಟಿಗೆ ಪುಡಿ ಅಂಟಿಕೊಂಡು ತೂತಿನಿಂದ ಉದುರುವುದು ಕಮ್ಮಿ. ಪುಡಿ ಹಾಕುವಾಗ ಕೊಳವೆಯ ಬಾಯಿಗೆ ಬೆರಳು ಅಡ್ಡ ಇಡಿ, ಒಳಗೆ ಬಿದ್ದ ಪುಡಿಯೆಲ್ಲ ಸೀದಾ ಕೆಳಗೆ ಹೋಗುತ್ತದೆ. ದೀಪ ಹತ್ತಿದ ಮೇಲೆ ಪ್ಲಗ್ ತೆಗೆದು, ಬುಟ್ಟಿ ಎತ್ತಿ ಹೊರಗಿಟ್ಟು ಬಗ್ಗಿಸಿ. ಕೈ ಸುಡುತ್ತದೆ, ದಪ್ಪ ಬಟ್ಟೆ ಹಿಡಿದುಕೊಳ್ಳಿ. ಬುಟ್ಟಿ ಒಳಗೇ ಉಳಿದರೆ ಅದರಿಂದ ಕೊನೆಯ ಕಹಿ ಹನಿಗಳು ಕೆಳಗಿಳಿಯುತ್ತಲೇ ಇರುತ್ತವೆ.

ಗುಟುಕು

8 ಕಪ್ಪಿನದಕ್ಕೇ ಹೇಳಿಬಿಟ್ಟೆ. ರಾಯರು ಬೇಜಾರು ಮಾಡಿಕೊಳ್ಳಬಾರದು. ಕೊನೆಯದಾಗಿ ಮಾಸ್ತರ್ರಿಗೆ ಒಂದು ಪ್ರಶ್ನೆ. ಸ್ವಿಚ್ ಇಲ್ಲದಿರುವುದರಿಂದ ಪ್ಲಗ್ಗಿಗೆ ಟೈಮರ್ ಹಾಕಿ, ಬೆಳಿಗ್ಗೆ ಏಳುವ ಹೊತ್ತಿಗೆ ಕಾಫಿ ಆಗಿರುವ ಹಾಗೆ ಮಾಡಬಹುದಾ?

ತಂತಿ ಮಾಸ್ತರ

ಮಾಡಬಹುದು. ಸ್ವಿಚ್ ಇಲ್ಲದಿರುವುದು ಅದಕ್ಕೆ ಅನುಕೂಲವೇ. ಪ್ಲಗ್ಗಿಗೆ ಕರೆಂಟ್ ಬಂದ ಕೂಡಲೇ ಶುರುವಾಗುತ್ತದೆ. 1,000 ವಾಟ್ ಅಂದರೆ 230 ವೋಲ್ಟಿನಲ್ಲಿ 4.3 ಆಂಪಿಯರ್ ಆಸುಪಾಸು, ಹಾಗಾಗಿ 10 ಆಂಪಿಯರಿನ ಟೈಮರ್ ಧಾರಾಳವಾಯಿತು. ಅರ್ಥ್ ಪಿನ್ ಇರುವುದನ್ನೇ ತೆಗೆದುಕೊಳ್ಳಿ.

ರಾತ್ರಿ ತಣ್ಣೀರು ತುಂಬಿಸುವಾಗ ನೀರಿನ ಮಟ್ಟ ಬುಟ್ಟಿಯ ತಳಕ್ಕೆ ತಾಗದಂತೆ ನೋಡಿ. ತಾಗಿದರೆ ಪುಡಿ ರಾತ್ರಿಯಿಡೀ ನೆನೆಯುತ್ತದೆ. ಬುಟ್ಟಿ ನೆನೆಸುವ ಉಪಾಯವೂ ಇಲ್ಲಿ ಬೇಡ, ದುಂಡನೆಯ ಕಾಗದ ಹಾಕಿ. ಟೈಮರ್ ಶುರುವಾದ ಒಂದು ಗಂಟೆಗೆ ತಾನೇ ಆಫ್ ಆಗುವಂತೆಯೂ ಇಡಿ. ನೀವು ಏಳುವುದು ತಡವಾದರೂ ಬೆಚ್ಚಗಿಡುವ ಹೀಟರ್ ಓಡುತ್ತಲೇ ಇರಬಾರದು. ಹಾಗೆಯೇ ರಾತ್ರಿ ಮಲಗುವ ಮುಂಚೆ ನೀರು ಹಾಕಿದ್ದೇನಾ ಅಂತ ಒಮ್ಮೆ ಮುಚ್ಚಳ ತೆಗೆದು ನೋಡಿಬಿಡಿ. ಟೈಮರಿಗೆ ಅದು ಗೊತ್ತಾಗುವುದಿಲ್ಲ.